ಹುಣಸೆ ಮರಕ್ಕೆ ಜಾಮೀನು

ನಮ್ಮ ಮನೆಯಲ್ಲಿ ಹಸಿ ಮರವನ್ನು ಯಾರೂ ಸುಮ್ಮನೆ ಕಡಿಯುವಂತಿಲ್ಲ. ಕಾಯಿ ಬಿಡದ ಮರವಾದರೂ ಮೊದಲು ಅದನ್ನು ಹೆದರಿಸಬೇಕು. ಒಬ್ಬರು ಕೊಡಲಿ ಎತ್ತಿ, "ಕಾಯಿ ಕೊಡ್ತೀಯೋ, ಕಡೀಲೋ?" ಎಂದು ಗದರುತ್ತಾರೆ. ಇನ್ನೊಬ್ಬರು ಅಡ್ಡ ಬಂದು, "ಬ್ಯಾಡ್ರಿ, ಬರೂ ವರ್ಷ ಕೊಡ್ತೈತಿ" ಎನ್ನುತ್ತಾರೆ. ಬ್ಯಾಡ ಎಂದವರೇ ಮರಕ್ಕೆ ಜಾಮೀನು. ಒಂದು ವರ್ಷ ಅದಕ್ಕೆ ಕಬ್ಬಿಣ ತಾಗದಂತೆ ಕಾಯುವುದು, ಬೇಸಿಗೆಯಲ್ಲಿ ನೀರು ಹಾಕುವುದು ಅವರ ಪಾಲು. ಒಮ್ಮೆ ಜಾಮೀನಾದವರು ಅದೇ ಮರಕ್ಕೆ ಮತ್ತೆ ಆಗುವಂತಿಲ್ಲ. ಅಡ್ಡ ಬರುವವರು ಯಾರೂ ಇಲ್ಲದಿದ್ದರೆ ಮಾತ್ರ ಕಡಿಯಬಹುದು.

ಮರಾಠಿ ಸೀಮೆಯ ಬೇಡಗ ಎಂಬ ಊರಲ್ಲಿ ನಮ್ಮ ಹೊಲದ ಬದುವಿನ ಹುಣಸೆ ಮರ ಈ ಕಾಯ್ದೆಯ ಮೇಲೇ ಬದುಕಿತ್ತು. ಸಾಂಗಲಿಯಿಂದ ನಾನು ಹೋದಾಗಲೆಲ್ಲ ನೋಡಿದ್ದೇನೆ, ಒಂದು ಕಾಯಿ ಇಲ್ಲ. ನೆರಳು ಮಾತ್ರ ನಮ್ಮ ಕಾಕಾನ ದ್ರಾಕ್ಷಿ ತೋಟದ ಮೇಲೆ ಧಾರಾಳವಾಗಿ ಬೀಳುತ್ತಿತ್ತು. ಕಾಕಾ ಪ್ರತಿ ವರ್ಷ ಕೊಡಲಿ ಎತ್ತುತ್ತಿದ್ದರು, ಅವರ ತಾಯಿ, ಅಂದರೆ ನನ್ನ ಅಜ್ಜಿ, ಪ್ರತಿ ವರ್ಷ ಒಬ್ಬ ಹೊಸ ಜಾಮೀನುದಾರನನ್ನು ಹಿಡಿದು ತರುತ್ತಿದ್ದಳು. ನನ್ನ ಸರದಿ ಕಾಲೇಜಿನಲ್ಲಿದ್ದಾಗಲೇ ಮುಗಿದಿತ್ತು. ದಾರಿ ಕೇಳಲು ನಿಂತ ಟೆಂಪೋದವನೂ ಒಮ್ಮೆ ಸಿಕ್ಕಿಬಿದ್ದ; ಆ ಬೇಸಿಗೆ ಅವನ ಪಾಲಿನ ನೀರನ್ನು ಅಜ್ಜಿಯೇ ಹೊತ್ತಳು.

ಅಜ್ಜಿಗೆ ಆ ಮರವೆಂದರೆ ಜೀವ. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆಯ ಕಣ್ಣು ತಪ್ಪಿಸಿ ಅಳಲು ಅವಳಿಗಿದ್ದದ್ದು ಅದೊಂದೇ ಜಾಗ.

ಹೋದ ವರ್ಷ ಕಾಕಾ ಹುಷಾರಾದರು. "ಅವ್ವ ಕರದರ ಯಾರೂ ಬರಬ್ಯಾಡ್ರಿ" ಎಂದು ಊರಿಗೆಲ್ಲ ತಾಕೀತು ಮಾಡಿ, ಮಾಧವನಗರದಿಂದ ಗರಗಸದ ಯಂತ್ರದವನನ್ನು ಕರೆಸಿದರು. ಅಜ್ಜಿ ಬದುವಿನ ಮೇಲೆ ನಿಂತು ಸುತ್ತ ನೋಡಿದಳು. ಕಡಿಯಲು ಬಂದವರು ಮತ್ತು ಸರದಿ ಮುಗಿದ ನಾನು ಬಿಟ್ಟರೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಆತು. ನಮ್ಮ ಮನಿ ಗಿಡ, ನಾನ ಕಡೀತೇನಿ. ತಾ ಇಲ್ಲಿ ಕೊಡ್ಲಿ."

ಕಾಕಾ ತಬ್ಬಿಬ್ಬಾಗಿ ಕೊಟ್ಟೇಬಿಟ್ಟರು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕೊಡಲಿಯನ್ನು ತಲೆಯ ಮೇಲೆ ಎತ್ತಿದಳು. ತುಂಬಿದ ಚರಿಗೆ ಎತ್ತಿದರೆ ಏದುಸಿರು ಬಿಡುವ ಮುದುಕಿ! ಕೊಡಲಿಯ ಭಾರಕ್ಕೆ ಹಿಂದಕ್ಕೆ ವಾಲತೊಡಗಿದಳು.

"ಆಯೀ, ನಕೋ!" ಕಾಕಾ ಕಿರುಚಿ ಓಡಿಹೋಗಿ ಅವಳನ್ನು ಹಿಡಿದುಕೊಂಡರು.

ಅಜ್ಜಿ ಕೊಡಲಿ ಇಳಿಸಿದಳು. "ಬ್ಯಾಡ ಅಂದಿ. ಈ ಸಲ ನೀನ ಜಾಮೀನು."

"ನಿನಗ ಅಂದೆ ಅವ್ವಾ, ಗಿಡಕ್ಕಲ್ಲ! ಅದೂ ಮರಾಠಿಯೊಳಗ ಅಂದೇನಿ!"

"ಗಿಡ ಇಲ್ಲೇ ಹುಟ್ಟೇತಿ. ಅದಕ್ಕ ಎರಡೂ ತಿಳಿತಾವ."

ಯಂತ್ರದವನು ಅದೇ ಮರದ ನೆರಳಲ್ಲಿ ಕೂತು ಚಹಾ ಕೇಳಿದ. ನಾನು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಅಜ್ಜಿಯನ್ನು ಬದುವಿನ ಮೇಲೆ ಕೂರಿಸಿ ಕೇಳಿದೆ.

"ಕಾಕಾ ಬ್ಯಾಡ ಅನ್ನದಿದ್ರ ಏನ್ ಮಾಡ್ತಿದ್ದಿರಿ ಅಜ್ಜಿ?"

"ಅಂದೇ ಅಂತಾನ. ನಾ ಹಡದ ಮಗ."

ಈ ಬೇಸಿಗೆ ತುಂಬ ಕಾಕಾ ಗೊಣಗುತ್ತಲೇ ನೀರು ಹೊತ್ತರು. ಮರ ಒಂದು ಕಾಯಿಯನ್ನೂ ಬಿಡಲಿಲ್ಲ. ಮೊನ್ನೆ ನಾನೇ ಕೆಣಕಿದೆ, "ಗೊಡ್ಡು ಗಿಡ ಐತ್ರಿ ಕಾಕಾ, ಕಡಿಸಿಬಿಡ್ರಿ."

ಕಾಕಾ ಕೊಡ ಕೆಳಗಿಟ್ಟು ನನ್ನ ಮೇಲೆ ಸಿಡುಕಿದರು. "ಮೆಲ್ಲಕ ಮಾತಾಡ. ಅದಕ್ಕ ಕೇಳಸ್ತೈತಿ."