ಮೊದಲು ಬಿದ್ದ ಹೂ

ಅಥವಾ ಅದು ಮಲ್ಲಿಗೆಯಲ್ಲ, ಕಣಗಿಲೆ ಇರಬಹುದು. ಬಿಳಿಯದು ಎಂಬುದಷ್ಟೇ ಖಾತ್ರಿ, ಅದೂ ಪೂರ್ತಿ ಖಾತ್ರಿಯಲ್ಲ. ಗುಡಿಯೊಳಗೆ ಮಬ್ಬಿತ್ತು, ದೇವಿಯ ಕಲ್ಲು ಕಪ್ಪು, ಕಪ್ಪಿನ ಮೇಲೆ ಯಾವ ಹೂವಾದರೂ ಬಿಳಿಯಾಗಿಯೇ ಕಾಣುತ್ತದೆ. ಆ ದಿನದ ಬಗ್ಗೆ ಎಷ್ಟೋ ಜನಕ್ಕೆ ಎಷ್ಟೋ ಸಲ ಹೇಳಿದ್ದೇನೆ. ಈಗ ನನಗೆ ನೆನಪಿರುವುದು ಆ ದಿನವೋ ಅಥವಾ ನಾನು ಹೇಳಿದ ಮಾತೋ ಗೊತ್ತಾಗುವುದಿಲ್ಲ. ಹೇಳಿದಷ್ಟೂ ಅದು ನುಣುಪಾಗುತ್ತ ಬಂದಿದೆ. ಆ ನುಣುಪಿನ ಮೇಲೆಯೇ ನನಗೆ ಅನುಮಾನ.

ಖಾತ್ರಿ ಇರುವುದನ್ನು ಮೊದಲು ಬರೆಯುತ್ತೇನೆ. ಸಿರುಗುಪ್ಪದ ಆಚೆ, ಕೆಂಚನಗುಡ್ಡದ ದಿಕ್ಕಿನಲ್ಲಿ, ತುಂಗಭದ್ರೆಯ ದಂಡೆಗೆ ನಮ್ಮ ಅಪ್ಪನ ಊರು. ಅಪ್ಪ ಬಳ್ಳಾರಿಗೆ ಬಂದು ನೆಲೆಸಿದ. ಅವನ ಅಣ್ಣ ಮತ್ತು ತಮ್ಮ, ಅಂದರೆ ನನ್ನ ದೊಡ್ಡಪ್ಪ ಮತ್ತು ಚಿಗಪ್ಪ, ಊರಲ್ಲೇ ಉಳಿದರು. ಮನೆ ಒಂದೇ, ಒಲೆ ಒಂದೇ, ಪಕ್ಷ ಮಾತ್ರ ಎರಡು. ಉಣ್ಣುವಾಗ ಇಬ್ಬರೂ ಸರ್ಕಾರ ಬೀಳಿಸುತ್ತಿದ್ದರು, ಎತ್ತುತ್ತಿದ್ದರು, ಕೈ ತೊಳೆದು ಎದ್ದು ಒಂದೇ ಗದ್ದೆಗೆ ಹೋಗುತ್ತಿದ್ದರು. ಆಮೇಲೆ ಪಂಚಾಯ್ತಿ ಚುನಾವಣೆ ಬಂತು. ಅವರ ವಾರ್ಡು ಹೆಂಗಸರಿಗೆ ಮೀಸಲಾಯಿತು. ಪಂಚಾಯ್ತಿ ಚುನಾವಣೆಗೆ ಪಕ್ಷದ ಗುರುತು ಇರುವುದಿಲ್ಲ, ಆದರೆ ಯಾರು ಯಾರ ಕಡೆ ಎಂಬುದು ಊರ ನಾಯಿಗೂ ಗೊತ್ತಿರುತ್ತದೆ. ಒಂದು ಕಡೆಯವರು ದೊಡ್ಡವ್ವನ ನಾಮಪತ್ರ ಹಾಕಿಸಿದರು, ಇನ್ನೊಂದು ಕಡೆಯವರು ಚಿಗವ್ವನದು. ಬೇರೆ ಯಾರೂ ನಿಲ್ಲಲಿಲ್ಲ. ಒಂದೇ ಅಡುಗೆಮನೆಯ ಇಬ್ಬರು ನೆಗೆಣ್ಣಿಯರು ಎದುರಾಳಿಗಳಾದರು. ಚಿಗಪ್ಪ ಅಂಗಳದಲ್ಲಿ ಒಂದು ಟ್ರ್ಯಾಕ್ಟರ್ ಇಟ್ಟಿಗೆ ಇಳಿಸಿದ. ಯಾಕೆ ಎಂದು ಯಾರೂ ಕೇಳಲಿಲ್ಲ. ಮತ ಬೀಳುವ ಹೊತ್ತಿಗೆ ನಡುಮನೆಯಲ್ಲಿ ಗೋಡೆ ಏಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

ಊರ ಹಿರಿಯರು ಒಂದು ದಾರಿ ಹುಡುಕಿದರು: ದೇವಿಗೆ ಹೂ ಕೇಳೋಣ. ದೇವಿ ಯಾರಿಗೆ ಕೊಡುತ್ತಾಳೋ ಅವರು ಉಳಿಯಲಿ, ಇನ್ನೊಬ್ಬರು ನಾಮಪತ್ರ ವಾಪಸ್ ತಗೊಳ್ಳಲಿ.

ಈ ಸುದ್ದಿ ನನಗೆ ಬಂದಾಗ ನಾನು ಬಳ್ಳಾರಿಯಲ್ಲಿ, ದಿನದಂತೆ ವಾಕಿಂಗ್ ಮುಗಿಸಿ, ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವ ಅಂಗಡಿಯ ಮುಂದೆ ಒಬ್ಬ ನಿವೃತ್ತ ಮೇಷ್ಟ್ರ ಜೊತೆ ನಿಂತಿದ್ದೆ. ಕಾಲೇಜಿನಲ್ಲಿ ಇತಿಹಾಸ ಹೇಳಿದವರು. ನಿವೃತ್ತಿಯ ಮೇಲೆ ಚೀನಾ ದೇಶದ ತಾವೋ ಚಿಂತನೆ ಅವರನ್ನು ಹಿಡಿದುಕೊಂಡಿತ್ತು. ತಾವೋ ಎಂದರೆ ದಾರಿ, ಎನ್ನುತ್ತಿದ್ದರು. ಎಲ್ಲಕ್ಕೂ ತನ್ನದೇ ಒಂದು ಹರಿವಿದೆ, ಅದಕ್ಕೆ ಕೈ ಅಡ್ಡ ಹಾಕದೆ ಇರುವುದೇ ಜಾಣತನ. ನೀರು ಎಲ್ಲರೂ ಬೇಡವೆನ್ನುವ ತಗ್ಗಿಗೆ ಹೋಗಿ ಕೂರುತ್ತದೆ, ಅದರಿಂದಲೇ ಅದಕ್ಕೆ ಬಲ. ಆ ಮಾತಿನ ನಡುವೆ ಪೇಪರಿನ ಮೊದಲ ಪುಟವೂ ಬರುತ್ತಿತ್ತು. ಒಂದು ಕೈಯಲ್ಲಿ ಮಿರ್ಚಿ, ಒಂದು ಕೈಯಲ್ಲಿ ಪೇಪರು.

“ಏನ್ ಸಾರ್, ಬೆಂಗಳೂರಾಗ ಕುರ್ಚಿ ಬದಲಾಗ್ತೈತಂತಲ್ಲ?” ಎಂದು ಅಂಗಡಿಯವನು ಕೆಣಕಿದ.

“ಬದಲಾದ್ರೇನಪಾ, ಕೂರೋ ಆಸೆ ಅದೇ ಅಲ್ಲೇನು? ಛಲೋ ರಾಜ ಅಂದ್ರ ಹೆಂಗಿರಬೇಕು ಗೊತ್ತೇನು? ಅವ ಅದಾನೋ ಇಲ್ಲೋ ಅನ್ನೋದು ಜನಕ್ಕ ಗೊತ್ತಾಗಬಾರದು.”

“ಹಂಗಾದ್ರ ನಮ್ಮ ವಾರ್ಡಿನವ ಭಾಳ ಛಲೋ ರಾಜ, ಸಾರ್. ಗೆದ್ದಾಗಿಂದ ಅದಾನೋ ಇಲ್ಲೋ ಗೊತ್ತಿಲ್ಲ.”

ಮೇಷ್ಟ್ರು ನಗುತ್ತ ನನ್ನ ಕಡೆ ತಿರುಗಿದಾಗ ನಾನು ಹೂವಿನ ಸುದ್ದಿ ಹೇಳಿದೆ. ಅವರ ಕೈಯ ಮಿರ್ಚಿ ಬಾಯಿಯ ಹತ್ತಿರವೇ ನಿಂತಿತು. “ಊರಿಗೆ ಊರೇ ಏನೂ ಮಾಡದ ಕಾಯ್ತಾ ಕೂರ್ತೈತಾ? ಅದೂ ಎಲೆಕ್ಷನ್ನಿಗೆ? ನಾನೂ ಬರ್ತೀನ್ರಿ,” ಎಂದರು.

ತೆಕ್ಕಲಕೋಟೆ ದಾಟಿ, ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನಕ್ಕೆ ಊರು ಸೇರಿದೆವು. ದೊಡ್ಡವ್ವ ರೊಟ್ಟಿ ಬಡಿಯುತ್ತಿದ್ದಳು, ಚಿಗವ್ವ ಬೇಯಿಸುತ್ತಿದ್ದಳು. ಅವರ ನಡುವೆ ಜಗಳದ ಗುರುತೇ ಇರಲಿಲ್ಲ, ಅಥವಾ ಅದನ್ನು ಗುರುತಿಸುವಷ್ಟು ನನಗೆ ಗೊತ್ತಿರಲಿಲ್ಲ. ಚಿಗವ್ವ ಕಟ್ಟಿಗೆ ತರಲು ಹಿತ್ತಲಿಗೆ ಹೋದಾಗ ನಾನು ಕೇಳಿದೆ.

“ನಿನಗ ಬೇಕೇನು ದೊಡ್ಡವ್ವಾ, ಈ ಮೆಂಬರಿಕಿ?”

ಅವಳು ರೊಟ್ಟಿ ತಿರುಗಿಸಿದಳು. “ಇವರ ಸಲುವಾಗಿ ನಿಂತೀನಿ ಅಂತ ತಿಳಿದೀಯೇನು? ಹೊಳಿ ದಂಡಿಗೆ ಅದೀವಿ, ಕುಡಿಯೋ ನೀರಿಗೆ ಮಂದಿ ಊರಿಗೆ ಕೊಡ ಹೊತ್ತು ಹೋಗ್ತೀವಿ. ಇಲ್ಲಿ ಫಿಲ್ಟರ್ ನೀರಿನ ಮನಿ ಕಟ್ಟಿ ಕೀಲಿ ಹಾಕ್ಯಾರ. ಆ ಕೀಲಿ ಯಾಕ ಹಾಕ್ಯಾರ ಅಂತ ಒಂದ್ಸಲ ಮೀಟಿಂಗಿನಾಗ ಕುಂತು ಕೇಳಬೇಕು ನಾ. ಹೆಂಗಸರ ಸಂಘದಾಗ ಕೇಳಿ ಕೇಳಿ ಬ್ಯಾಸರ ಬಂದೈತಿ. ಬೇಕು, ತಮ್ಮಾ. ನನಗ ಬೇಕು.”

ಈ ಮಾತು ಮಾತ್ರ ಅಕ್ಷರಶಃ ಹೀಗೇ ಇತ್ತು ಎಂದು ಆಣೆ ಮಾಡಬಲ್ಲೆ. ನಮ್ಮ ಮನೆಯ ಹೆಂಗಸೊಬ್ಬಳು “ನನಗ ಬೇಕು” ಎಂದದ್ದನ್ನು ಅದಕ್ಕೆ ಮುಂಚೆ ನಾನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಗುಡಿಯಲ್ಲಿ ಸೇರಿದೆವು. ಪೂಜಾರಿ ದೇವಿಗೆ ನೀರು ಹಾಕಿ, ಒದ್ದೆ ಕಲ್ಲಿನ ಬಲಭುಜಕ್ಕೆ ಒಂದು, ಎಡಭುಜಕ್ಕೆ ಒಂದು ಹಸಿ ಹೂ ಹಚ್ಚಿದ. ಬಲಕ್ಕೆ ದೊಡ್ಡವ್ವ, ಎಡಕ್ಕೆ ಚಿಗವ್ವ. ಯಾವುದು ಮೊದಲು ಬೀಳುತ್ತದೋ ಅದೇ ದೇವಿಯ ಮಾತು. ಯಾರೂ ಮುಟ್ಟುವಂತಿಲ್ಲ, ಊದುವಂತಿಲ್ಲ, ಅವಸರ ಮಾಡುವಂತಿಲ್ಲ. ಎಮ್ಮೆ ಕೊಳ್ಳುವುದಕ್ಕೆ, ಹೆಣ್ಣು ಕೊಡುವುದಕ್ಕೆ, ಬೋರು ಕೊರೆಸುವುದಕ್ಕೆ ನಮ್ಮ ಜನ ಹೀಗೆ ಕೇಳುವುದನ್ನು ನೋಡಿದ್ದೆ. ಚುನಾವಣೆಗೆ ಕೇಳಿದ್ದು ಹೊಸತು.

“ಫ್ಯಾನಿನ ಗಾಳಿ ಎಡಕ್ಕ ಬಡಿತೈತಿ, ಆಫ್ ಮಾಡ್ರಿ,” ಎಂದ ದೊಡ್ಡಪ್ಪನ ಕಡೆಯವನೊಬ್ಬ.

“ಬಲಕ್ಕ ದೀಪದ ಕಾವು ಬಡಿತೈತಿ, ಅದನ್ನೂ ಆರಸ್ತೀಯೇನು?” ಎಂದ ಚಿಗಪ್ಪ.

“ದೇವಿಗೆ ನಿಮ್ಮ ಪಾರ್ಟಿ ಗೊತ್ತಿಲ್ರಪಾ, ಸುಮ್ಮ ಕುಂದರ್ರಿ,” ಎಂದು ಪೂಜಾರಿ ಫ್ಯಾನು ಆರಿಸಿದ.

ಹೂ ಬೀಳಲಿಲ್ಲ. ಹೊತ್ತು ಏರಿತು. ಬೆವರು ಇಳಿಯತೊಡಗಿತು. ಇಬ್ಬರು ನೆಗೆಣ್ಣಿಯರೂ ಮನೆಗೂ ಗುಡಿಗೂ ಓಡಾಡಿ ಎಲ್ಲರಿಗೂ ಚಹಾ, ನೀರು ಕೊಟ್ಟರು. ತಮ್ಮ ಹಣೆಬರಹ ಕಲ್ಲಿಗೆ ಅಂಟಿ ಕೂತಿರುವಾಗ ಅವರು ಲೋಟ ತೊಳೆಯುತ್ತಿದ್ದರು.

ಮೇಷ್ಟ್ರು ಕಂಬಕ್ಕೆ ಒರಗಿ ಆ ಹೂವನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಸುಮ್ಮನೆ ಒಂದು ಹೂವನ್ನು ಅಷ್ಟು ಹೊತ್ತು ನಾನು ಯಾವತ್ತೂ ನೋಡಿರಲಿಲ್ಲ. ಒದ್ದೆ ಆರುತ್ತ ಬಂದಂತೆ ಎಸಳಿನ ಅಂಚು ಕಲ್ಲಿನಿಂದ ಎದ್ದು ಬರುವುದು ಕಾಣುತ್ತಿತ್ತು, ಕಣ್ಣು ಮಿಟುಕಿಸಿದರೆ ಕಾಣುತ್ತಿರಲಿಲ್ಲ. ಊರಿನಷ್ಟು ಜನ, ಬೈದಾಡಿದವರು, ಹೊಡೆದಾಡಿದವರು, ಎಲ್ಲರೂ ನೀರು ಆರುವುದನ್ನು ಕಾಯುತ್ತಿದ್ದರು. ಈ ಜಗತ್ತನ್ನು ಯಾರೋ ನಡೆಸುತ್ತಾರೆ ಎಂದು ನಾನು ನಂಬುವವನಲ್ಲ. ಆದರೂ ಆ ಹೊತ್ತಿನಲ್ಲಿ ಏನೋ ನಡೆಯುತ್ತಿತ್ತು, ಮತ್ತು ಅದನ್ನು ನಾವ್ಯಾರೂ ಮಾಡುತ್ತಿರಲಿಲ್ಲ. ನನಗೆ ಉಸಿರು ಬಿಡುವುದಕ್ಕೂ ಸಂಕೋಚವಾಯಿತು.

ಆದರೆ ನಮ್ಮ ಜನ ಸುಮ್ಮನೆ ಕೂರಬಲ್ಲರು, ಮಾತಿಲ್ಲದೆ ಕೂರಲಾರರು. ಮೆಲ್ಲಗೆ ಮಾತು ಶುರುವಾಯಿತು. ಗ್ಯಾಸಿನ ರೇಟು, ಯಾವುದೋ ದೇಶದ ಯುದ್ಧ, ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ್ದು ಸರಿಯೋ ತಪ್ಪೋ. ಹಿಂದೆ ಡ್ಯಾಮಿನ ಗೇಟು ಕಿತ್ತುಹೋದ ಸುದ್ದಿಯೂ ಬಂತು.

“ಟೀವಿಯಾಗ ನೋಡ್ದಿಲ್ಲೇನು?” ಎಂದ ಮೂಲೆಯಲ್ಲಿದ್ದ ಒಬ್ಬ ಮುದುಕ. “ಇವರು ಅವರಿಗೆ ಅಂದ್ರು, ಅವರು ಇವರಿಗೆ ಅಂದ್ರು. ನೀರು ಯಾರಿಗೂ ಏನೂ ಅನ್ನಲಿಲ್ಲ, ಹೋಗೇ ಬಿಡ್ತು.”

ಮೇಷ್ಟ್ರು ನನ್ನ ತೊಡೆ ತಟ್ಟಿ, “ಕೇಳಿದ್ರೇನು?” ಎಂದರು.

ಮುಂದಿನದರ ಬಗ್ಗೆ ನಮ್ಮಿಬ್ಬರಲ್ಲಿ ಇಂದಿಗೂ ಒಮ್ಮತವಿಲ್ಲ. ಒಂದು ಫೋನು ಟಣ್ ಎಂದಿತು. ಅದು ಮೇಷ್ಟ್ರದು ಎಂದು ನನ್ನ ನೆನಪು, ನನ್ನದು ಎಂದು ಅವರದು. ಯಾರೋ ಒಬ್ಬರು, ಬಹುಶಃ ನಮ್ಮಿಬ್ಬರಲ್ಲೇ ಒಬ್ಬರು, ಗಟ್ಟಿಯಾಗಿ ಓದಿಬಿಟ್ಟರು: ಕುರ್ಚಿ ಬದಲಾಗುತ್ತಂತೆ, ದಿಲ್ಲಿಯಿಂದ ಕರೆ ಬಂತಂತೆ.

ಗುಡಿಯೆಲ್ಲ ಎದ್ದು ನಿಂತಿತು. “ಯಾರಂತ? ಯಾರಂತಲೇ?” “ತೋರ್ಸು ಇತ್ತ!” “ನಾ ಹೇಳಿರಲಿಲ್ಲೇನು?” “ಏ, ಸುಳ್ಳು ಸುದ್ದಿ ಬಿಡಲೇ!” ತಿಂಗಳಿಂದ ಮಾತು ಬಿಟ್ಟಿದ್ದ ದೊಡ್ಡಪ್ಪ ಮತ್ತು ಚಿಗಪ್ಪ ಒಂದೇ ಫೋನಿನ ಮೇಲೆ ತಲೆಗೆ ತಲೆ ಹಚ್ಚಿ ಬಗ್ಗಿದ್ದರು. ಪೂಜಾರಿಯೂ ಹೊಸ್ತಿಲು ದಾಟಿ ಬಂದು ಕತ್ತು ಚಾಚಿದ. ಓದಿ ನೋಡಿದರೆ ಒಳಗೆ ಏನೂ ಇರಲಿಲ್ಲ. ಕರೆ ಬರಬಹುದು, ಬಂದರೆ ಹೋಗಬಹುದು, ಅಷ್ಟೇ.

ಪೂಜಾರಿ ಮೊದಲು ಹಿಂತಿರುಗಿ ನೋಡಿದ. “ಬಿದ್ದಾವ,” ಎಂದ.

ಎರಡೂ ಬಿದ್ದಿದ್ದವು. ದೇವಿಯ ಪಾದದ ಬಳಿ, ಒಂದು ಆ ಕಡೆ, ಒಂದು ಈ ಕಡೆ. ಭುಜ ಎರಡೂ ಬರಿದು. ಯಾವುದು ಮೊದಲು ಬಿತ್ತು, ಯಾರೂ ನೋಡಿರಲಿಲ್ಲ.

“ನೀ ನೋಡಬೇಕಿತ್ತಲೋ, ಪೂಜಾರಿ!”

“ಹಚ್ಚೋದು ನನ್ನ ಕೆಲಸ. ನೋಡಾಕ ಊರೇ ಕುಂತಿತ್ತಲ್ಲ!”

“ಮತ್ತೊಮ್ಮೆ ಹಚ್ಚು, ಏನೀಗ?”

“ದೇವಿ ಒಂದ್ಸಲ ಮಾತು ಕೊಟ್ಟಾಳ. ನಿನಗ ಕಿವಿ ಇಲ್ಲಂತ ಮತ್ತೊಮ್ಮೆ ಕೇಳಾಕ ಬರಂಗಿಲ್ಲ.”

ಆಗ ಆ ಮುದುಕ ಕೈ ಎತ್ತಿ ಬಾಗಿಲ ಕಡೆ ತೋರಿಸಿದ. ಪಕ್ಕದ ಬಾಗಿಲಿನ ಹೊಸ್ತಿಲ ಮೇಲೆ ದೊಡ್ಡವ್ವ ನಿಂತಿದ್ದಳು, ಕೈಯಲ್ಲಿ ನೀರಿನ ತಂಬಿಗೆ. ಚಿಗವ್ವ ಲೋಟ ತರಲು ಮನೆಗೆ ಹೋಗಿದ್ದಳು. ಎಲ್ಲರೂ ಫೋನಿನ ಕಡೆ ತಿರುಗಿದಾಗ ದೇವಿಯ ಕಡೆ ಮುಖ ಮಾಡಿ ಇದ್ದದ್ದು ಅವಳೊಬ್ಬಳೇ.

“ನೀ ನೋಡಿದೇನವಾ?” ಎಂದ ಪೂಜಾರಿ.

“ನೋಡಿದೆ.”

“ಯಾವುದು ಮೊದಲು?”

ಅಷ್ಟು ಗಂಡಸರು ಒಬ್ಬ ಹೆಂಗಸಿನ ಬಾಯಿಯನ್ನು ಅಷ್ಟು ಮೌನವಾಗಿ ನೋಡಿದ್ದನ್ನು ನಾನು ಮತ್ತೆಲ್ಲೂ ಕಂಡಿಲ್ಲ. ಅವಳು ತಡೆದು ಹೇಳಿದಳೋ, ತಕ್ಷಣ ಹೇಳಿದಳೋ? ನಾನು ಹೇಳುವಾಗೆಲ್ಲ ಒಂದು ತಡೆಯನ್ನು ಇಟ್ಟೇ ಹೇಳುತ್ತೇನೆ. ಅದು ನಿಜವಾಗಿ ಇತ್ತೇ? ಗೊತ್ತಿಲ್ಲ.

“ಎಡಕಿಂದು,” ಎಂದಳು.

ಎಡಗಡೆ ಚಿಗವ್ವನದು.

ಯಾರೂ ಪ್ರಶ್ನೆ ಮಾಡಲಿಲ್ಲ. ಬಲ ಎಂದಿದ್ದರೆ ಅಲ್ಲಿ ತಲೆ ಒಡೆಯುತ್ತಿದ್ದವು. ತನಗೆ ನಷ್ಟವಾಗುವ ಮಾತನ್ನು ಹೇಳಿದ್ದರಿಂದ ಎರಡೂ ಕಡೆಯವರು ಅದನ್ನು ದೇವಿಯ ಮಾತೆಂದೇ ತಗೊಂಡರು. ಲೋಟ ಹಿಡಿದು ಬಂದ ಚಿಗವ್ವನಿಗೆ ಒಳಗೆ ಏನಾಯಿತೆಂದು ತಿಳಿಯಲೇ ಇಲ್ಲ. ಅವಳು ಹೆದರಿದ ಮುಖದಲ್ಲಿ, “ಏನಾತಕ್ಕಾ?” ಎಂದು ಕೇಳಿದಳು. ದೊಡ್ಡವ್ವ ಅವಳ ಕೈಯಿಂದ ಲೋಟ ಇಸಿದುಕೊಂಡು, “ಮೆಂಬರ್ ಆದಿ, ತಂಗಿ. ಇನ್ನ ಲೋಟ ನಾ ತೊಳೀತೀನಿ ಬಿಡು,” ಎಂದಳು. ಜನ ನಕ್ಕರು. ಅವಳು ಅದೇ ಮಧ್ಯಾಹ್ನ ಹೋಗಿ ನಾಮಪತ್ರ ವಾಪಸ್ ತಗೊಂಡಳು. ಮನೆಯಲ್ಲಿ ಗೋಡೆ ಏಳಲಿಲ್ಲ. ಇಟ್ಟಿಗೆಯಲ್ಲಿ ದನದ ಕೊಟ್ಟಿಗೆ ಕಟ್ಟಿದರು.

ಬಸ್ಸಿನಲ್ಲಿ ವಾಪಸ್ ಬರುವಾಗ ಮೇಷ್ಟ್ರ ಕಣ್ಣಲ್ಲಿ ನೀರಿತ್ತು. “ನಾನು ಓದಿದ್ದನ್ನೆಲ್ಲಾ ಆಕಿ ಒಂದೇ ಮಾತಿನಾಗ ಮಾಡಿ ತೋರಿಸಿದ್ಳಲ್ರಿ. ತಗ್ಗಿಗೆ ಹೋಗಿ ಕುಂತ್ಳು, ಮನಿ ಉಳೀತು,” ಎಂದರು.

ನಾನೂ ಹಾಗೇ ನಂಬಿದೆ. ಬಹಳ ದಿನ ಹಾಗೇ ಹೇಳಿಕೊಂಡು ತಿರುಗಿದೆ. ಆಮೇಲೆ ಆ ಕಥೆ ನನ್ನ ಬಾಯಲ್ಲೇ ಕಹಿಯಾಗತೊಡಗಿತು. ಪಂಚಾಯ್ತಿ ಮೀಟಿಂಗಿನಲ್ಲಿ ಕುರ್ಚಿಯ ಮೇಲೆ ಚಿಗವ್ವ ಕೂರುತ್ತಾಳೆ, ಪಕ್ಕದ ಸ್ಟೂಲಿನ ಮೇಲೆ ಚಿಗಪ್ಪ ಕೂತು ಮಾತಾಡುತ್ತಾನೆ ಎಂದು ಕೇಳಿದೆ. ಫಿಲ್ಟರ್ ನೀರಿನ ಮನೆಯ ಕೀಲಿ ಒಂದಿಷ್ಟು ದಿನ ತೆರೆದಿತ್ತಂತೆ, ಮತ್ತೆ ಬಿತ್ತಂತೆ. ನೀರಿನ ಗುಣವನ್ನು ಹೊಗಳುವ ನಾವು, ಕೊಡ ಹೊತ್ತು ನೀರಿಗೆ ಹೋಗುವವಳ ಮೇಲೆ ಅದನ್ನು ಹೊರಿಸುವುದು ಎಷ್ಟು ಸರಿ? ಇನ್ನೊಂದು ಅನುಮಾನವೂ ಬಂತು. ತನ್ನದನ್ನು ಬಿಟ್ಟುಕೊಟ್ಟ ಮಾತು ನಿಜವೇ ಇರಬೇಕು ಎಂದು ಊರು ನಂಬಿತು. ಅದು ಸುಳ್ಳೇ ಇರಬೇಕು, ಅದಕ್ಕೇ ದೊಡ್ಡದು ಎಂದು ಮೇಷ್ಟ್ರು ನಂಬಿದರು. ಅವಳು ಬರೀ ಕಂಡದ್ದನ್ನು ಹೇಳಿರಬಹುದು ಎಂದು ನಾವಿಬ್ಬರೂ ಯೋಚಿಸಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಅವಳು ಕುರುಗೋಡಿಗೆ, ಮಗಳ ಮನೆಗೆ ಬಂದಿದ್ದಳು. ನಾನು ನೋಡಲು ಹೋದೆ. ಮನೆಯ ಹಿಂದೆಯೇ ಗುಡ್ಡ ಶುರುವಾಗುತ್ತದೆ. ಬಂಡೆಯ ಮೇಲೆ ಬಂಡೆ, ಯಾವುದು ಯಾವುದನ್ನು ಹಿಡಿದಿದೆ ಎಂದು ಹೇಳಲಾಗದಂತೆ ನಿಂತಿವೆ. ಅವಳು ಹಿತ್ತಲಲ್ಲಿ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿದೆ. ಮೇಷ್ಟ್ರು ಅವಳನ್ನು ನೀರಿಗೆ ಹೋಲಿಸುತ್ತಾರೆ ಎಂದೆ.

“ನೀರಿಗೇನು? ಆ ಸಾರಿಗೆ ಹೇಳು, ಕಾಲುವಿ ಒಡದಾಗ ಬಂದು ನೋಡಂತ,” ಎಂದು ನಕ್ಕಳು.

ನಾನು ತಡೆಯಲಾರದೆ ಕೇಳಿಬಿಟ್ಟೆ. “ನಿಜ ಹೇಳು ದೊಡ್ಡವ್ವಾ. ಎಡಕಿಂದೇ ಮೊದಲು ಬಿತ್ತೇನು?”

ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ನನ್ನ ಮುಖ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಗುಟ್ಟೂ ಇರಲಿಲ್ಲ. ಇದ್ದದ್ದು ಏನೆಂದು ನನಗೆ ಹೆಸರಿಡಲು ಬರುವುದಿಲ್ಲ. ಗುಡಿಯಲ್ಲಿ ಆ ಬೆಳಿಗ್ಗೆ ಹೂವನ್ನು ನೋಡಿದಂತೆಯೇ ಅವಳ ಮುಖವನ್ನು ನೋಡುತ್ತ ಕೂತೆ.

“ನೀನೂ ಅಲ್ಲೇ ಇದ್ದೆಲ್ಲೋ,” ಎಂದಳು. “ಊರ ಮಂದಿ ಎಲ್ಲಾ ಇದ್ರಿ. ನೋಡೂದು ಬಿಟ್ಟು ಈಗ ನನ್ನ ಕೇಳ್ತೀಯಲ್ಲ.”

ಆಮೇಲೆ ಮಗಳು ಊಟಕ್ಕೆ ಕರೆದಳು, ಅವಳು ಎದ್ದು ಹೋದಳು.

ಯಾವ ಹೂ ಮೊದಲು ಬಿತ್ತೆಂದು ನನಗೆ ಗೊತ್ತಿಲ್ಲ. ಅವಳು ಕಂಡದ್ದನ್ನು ಹೇಳಿದಳೋ, ಬೇಕೆಂದೇ ಬಿಟ್ಟುಕೊಟ್ಟಳೋ ಗೊತ್ತಿಲ್ಲ. ಬಿಟ್ಟುಕೊಟ್ಟಿದ್ದರೆ, ಅವಳಿಗೆ ಇವತ್ತಿಗೂ ಆ ಮೆಂಬರಿಕಿ ಬೇಕೇ, ಅದೂ ಗೊತ್ತಿಲ್ಲ.