ಮೂಸೆಯೊಳಗಿನ ಸುಣ್ಣದ ಕಾಳು

ನನ್ನ ಮೊಮ್ಮಗಳು ನನಗೊಂದು ಹಲ್ಲು ಸುಟ್ಟು ತಂದಿದ್ದಾಳೆ! ರಾಯಚೂರಿನಲ್ಲಿ ಹಲ್ಲು ತಯಾರಿಸುವುದೇ ಅವಳ ಕೆಲಸ. ಬಿಳಿ ಪುಡಿಯನ್ನು ನೀರಿನಲ್ಲಿ ಕಲಸಿ, ಕುಂಚದಿಂದ ಹಲ್ಲಿನ ಆಕಾರಕ್ಕೆ ತಂದು, ಕೊಡದಷ್ಟು ದೊಡ್ಡ ಒಲೆಯೊಳಗಿಟ್ಟು ಸುಡುತ್ತಾಳಂತೆ. ಡಾಕ್ಟರು ಅದನ್ನು ಕೂಡಿಸಿದ ಮೇಲೆ ನಿನ್ನೆ ಕಡಕ್ ರೊಟ್ಟಿ ಮುರಿದೆ. ಓಣಿಯವರಿಗೆಲ್ಲ ಬಾಯಿ ತೆರೆದು ತೋರಿಸಿ ಬಂದೆ. ಏನು ಹೇಳಲಿ, ಸಂತೋಷ ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ. ಆದರೆ ಅವಳು ಮೊದಲ ಸಲ ಪುಡಿ ಎಂದಾಗ ನನ್ನ ಎದೆ ಝಲ್ಲೆಂದಿತ್ತು. ಪುಡಿಯ ಭಯ ನನಗೆ ಬಹಳ ಹಳೆಯದು.

ನಿಜಾಮನ ಕಾಲ ಮುಗಿದು ಮೂರು ನಾಲ್ಕು ವರ್ಷವಾಗಿತ್ತು. ನಾನು ಸಂತೆಕಲ್ಲೂರಿನ ಕುಂಬಾರರ ಮನೆಗೆ ಸೊಸೆಯಾಗಿ ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಮಡಕೆ ಕುಡಿಕೆ ಗಂಡಸರ ಕೆಲಸ; ಅತ್ತೆಯದು ಮೂಸೆ. ಮೂಸೆ ಅಂದರೆ ಪತ್ತಾರರು ಚಿನ್ನ ಕರಗಿಸುವ ಪುಟ್ಟ ಬಟ್ಟಲು, ಅರ್ಧ ನಿಂಬೆಹಣ್ಣಿನಷ್ಟು. ಕೆರೆಯ ಮಣ್ಣನ್ನು ಒಣಗಿಸಿ ಕುಟ್ಟಬೇಕು, ಒಡೆದ ಹಳೆ ಮೂಸೆಯ ಚೂರನ್ನು ಬೇರೆ ಕುಟ್ಟಬೇಕು, ಭತ್ತದ ಹೊಟ್ಟಿನ ಬೂದಿ ಸೇರಿಸಿ ಎಲ್ಲವನ್ನೂ ಹಳೆ ಸೀರೆಯ ಬಟ್ಟೆಯಲ್ಲಿ ಸೋಸಬೇಕು.

“ಕಣ್ಣಾಗ ಹಚ್ಚಿಕೊಂಡ್ರೂ ಚುಚ್ಚಬಾರದು, ಹಂಗಿರಬೇಕು ಪುಡಿ,” ಎನ್ನುತ್ತಿದ್ದಳು ಅತ್ತೆ.

ಯಾಕೆಂದರೆ ನಮ್ಮ ಕಡೆಯ ಎರೆಮಣ್ಣಿನಲ್ಲಿ ಸುಣ್ಣದ ಹರಳು ಬಹಳ. ಎಳ್ಳುಕಾಳಿನಷ್ಟು ಹರಳು ಉಳಿದರೂ ಮೂಸೆ ಆವಿಗೆಯ ಬೆಂಕಿಯಿಂದ ಚೆಂದವಾಗಿಯೇ ಹೊರಬರುತ್ತದೆ. ಆಮೇಲೆ ನಾಲ್ಕು ದಿನ ಗಾಳಿಯ ತೇವ ಕುಡಿದು ಆ ಕಾಳು ಉಬ್ಬುತ್ತದೆ, ಮೂಸೆಯ ಗೋಡೆಯನ್ನೇ ಸೀಳುತ್ತದೆ.

ಒಂದು ದಿನ ಸೋಸುವ ಬಟ್ಟೆ ನನ್ನ ಬಳೆಗೆ ಸಿಕ್ಕಿ ಹರಿಯಿತು. ಅದು ಅತ್ತೆಯ ತಾಯಿ ಉಟ್ಟ ಸೀರೆಯ ತುಂಡು. ಬೈಗುಳಕ್ಕೆ ಹೆದರಿ ನಾನು ಹರಕನ್ನು ಮಡಿಚಿ ಮುಚ್ಚಿಕೊಂಡು ಉಳಿದ ಪುಡಿ ಸೋಸಿದೆ. ಬಟ್ಟೆಯ ಮಡಿಕೆ ಎಷ್ಟು ಸಲ ಜಾರಿತೋ, ಎಷ್ಟು ಕಾಳು ಕೆಳಗಿಳಿಯಿತೋ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ.

ಆ ಪುಡಿಯಲ್ಲಿ ಅತ್ತೆ ಹನ್ನೆರಡು ಮೂಸೆ ಮಾಡಿ, ನೆರಳಲ್ಲಿ ಒಣಗಿಸಿ, ಸುಟ್ಟಳು. ಒಂದೂ ಬಿರಿಯಲಿಲ್ಲ. ಉಗುರಿನಿಂದ ಬಡಿದರೆ ಕಿಣ್ ಎನ್ನುತ್ತಿದ್ದವು. ಅವುಗಳಲ್ಲೇ ಒಳ್ಳೆಯದೊಂದನ್ನು ಆರಿಸಿ ಮಸ್ಕಿಯ ಪತ್ತಾರನಿಗೆ ಕಳಿಸಿದಳು. ಮಸ್ಕಿ ನನ್ನ ತವರು, ಅಲ್ಲಿ ತಂಗಿಯ ಲಗ್ನ. ತೀರಿಹೋದ ನಮ್ಮವ್ವನ ಬುಗುಡಿ ಕರಗಿಸಿ ತಂಗಿಗೆ ತಾಳಿ ಮಾಡಿಸುವುದಿತ್ತು. ಅವ್ವನದೆಂದು ಉಳಿದದ್ದು ಆ ಕಿವಿಯ ಬುಗುಡಿ ಮಾತ್ರ.

ಮಸ್ಕಿಗೆ ಹೊರಡುವ ಮುಂಜಾನೆ ಗೋಡೆಯ ಗೂಡಿನಲ್ಲಿ ಬಾಚಣಿಗೆ ಹುಡುಕುತ್ತಿದ್ದೆ. ಉಳಿದ ಹನ್ನೊಂದು ಮೂಸೆ ಅಲ್ಲೇ ಇದ್ದವು. ಒಂದರ ಮೈಯಲ್ಲಿ ಬಿಳಿ ಗುಳ್ಳೆ, ಪಕ್ಕದಲ್ಲಿ ಸಿಡಿದ ಚೂರು. ಮುಟ್ಟಿದರೆ ಕಾಳು ಹಿಟ್ಟಾಯಿತು. ಪತ್ತಾರನಿಗೆ ಹೋದದ್ದೂ ಇದೇ ಪುಡಿಯ ಮೂಸೆ.

ಬಂಡಿಯಲ್ಲಿ ಅತ್ತೆ ನನ್ನನ್ನೇ ನೋಡುತ್ತಿದ್ದಳು. “ಯಾಕ ಬೇ, ಲಗ್ನಕ್ಕ ಹೊಂಟೀಯೋ, ಮಣ್ಣಿಗೆ ಹೊಂಟೀಯೋ?”

“ಏನಿಲ್ಲತ್ತಿ.”

ಹೇಳಿದರೆ ತವರಿನಲ್ಲೇ ಬಿಟ್ಟು ಬಂದಾಳು ಎಂಬ ಹೆದರಿಕೆ. ಹೇಳದಿದ್ದರೆ ಅವ್ವನ ಚಿನ್ನ ಬೆಂಕಿಯ ಪಾಲು. ತಾಳಿಯ ಚಿನ್ನ ಬೂದಿಗೆ ಬಿದ್ದರೆ ಬೀಗರು ಅಪಶಕುನವೆಂದು ಎದ್ದು ಹೋಗುವ ಕಾಲ ಅದು.

ತಾಳಿಯ ಚಿನ್ನ ಕರಗಿಸುವುದು ಮನೆಯಂಗಳದಲ್ಲೇ, ಎಲ್ಲರ ಕಣ್ಣೆದುರು. ನಾವು ಹೋಗುವಷ್ಟರಲ್ಲಿ ಪತ್ತಾರನ ಇದ್ದಿಲು ನಿಗಿನಿಗಿ ಎನ್ನುತ್ತಿತ್ತು. ಬೀಗರು ಕಂಬಳಿಯ ಮೇಲೆ ಕುಳಿತಿದ್ದರು. ತಂಗಿ ಅರಿಶಿನದ ಮುಖ ತಗ್ಗಿಸಿಕೊಂಡಿದ್ದಳು. ಅಪ್ಪ ಗಂಟು ಬಿಚ್ಚಿ ಬುಗುಡಿಗಳನ್ನು ಕಣ್ಣಿಗೊತ್ತಿಕೊಂಡು ಕೊಟ್ಟ. ಪತ್ತಾರ ಅವನ್ನು ಮೂಸೆಗೆ ಹಾಕಿ, ಚಿಮಟದಿಂದ ಹಿಡಿದು ಕೆಂಡದ ಕಡೆಗೆ ಒಯ್ದ.

“ಕಾಕಾ, ತಡೀರಿ!”

ಕೂಗಿದ್ದು ನಾನೇ. ಎಲ್ಲರೂ ತಿರುಗಿದರು.

“ಆ ಮೂಸಿ ಬ್ಯಾಡ್ರಿ. ಸೋಸೂ ಬಟ್ಟಿ ಹರದಿತ್ತು. ನಾನ ಹರದೀನಿ, ಮುಚ್ಚಿಟ್ಟೀನಿ. ಅದ್ರಾಗ ಸುಣ್ಣ ಐತ್ರಿ.”

“ಇದೇನ್ ಆಟ ಹಚ್ಚೀರಿ?” ಎಂದರು ಹಿರಿಯ ಬೀಗರು. ಅತ್ತೆಯ ಮುಖದ ಕಡೆ ನೋಡುವ ಧೈರ್ಯ ನನಗಿರಲಿಲ್ಲ.

ಪತ್ತಾರ ಮಾತ್ರ ಅವಸರ ಮಾಡಲಿಲ್ಲ. ಬುಗುಡಿ ತೆಗೆದು ಅಪ್ಪನ ಕೈಗಿಟ್ಟ. ಮೂಸೆಯನ್ನು ನೀರಿನ ಬಟ್ಟಲಲ್ಲಿ ಮುಳುಗಿಸಿದ. “ಕುಂದರ್ರಿ, ಎಲಿ ಅಡಿಕಿ ಹಾಕ್ಕೋರಿ. ಸುಣ್ಣ ಇದ್ರ ತಾನ ಹೇಳತೈತಿ.”

ಯಾರೂ ಎಲೆ ಮುಟ್ಟಲಿಲ್ಲ. ಏನೂ ಆಗದಿದ್ದರೆ? ಆಗ ನಾನು ತಂಗಿಯ ಲಗ್ನದಲ್ಲಿ ಸುಮ್ಮನೆ ಅಪಶಕುನ ನುಡಿದವಳಾಗುತ್ತಿದ್ದೆ. ಮೂಸೆ ಸಿಡಿಯಲಿ ಎಂದು ಬೇಡಿಕೊಂಡ ಕುಂಬಾರರ ಸೊಸೆ ನಾನೊಬ್ಬಳೇ ಇರಬೇಕು.

ಟಿಕ್.

ನೀರಿನ ತಳಕ್ಕೆ ಒಂದು ಚೂರು ಬಿತ್ತು. ಅದರ ಬೆನ್ನಿಗೆ ಬಿಳಿ ಕಾಳು ಅಂಟಿಕೊಂಡಿತ್ತು.

ಪತ್ತಾರ ಅದನ್ನು ಬೆರಳ ಮೇಲೆತ್ತಿ ಬೀಗರಿಗೆ ತೋರಿಸಿದ. “ನೋಡ್ರಿ ಯಜಮಾನ್ರ. ಈ ಹುಡುಗಿ ಸುಮ್ನಿದ್ರ ನಾವೆಲ್ಲಾ ಈಗ ಬೂದಿ ಕೆದರಕೋತ ಕುಂದರತಿದ್ವಿ.” ಆಮೇಲೆ ಚೀಲದಿಂದ ತನ್ನ ಹಳೆಯ ಮೂಸೆ ತೆಗೆದ. ಅದೂ ನಮ್ಮತ್ತೆಯ ಕೈಯದೇ, ಉರಿ ತಿಂದು ತಿಂದು ಕರ್ರಗಾಗಿತ್ತು. ಅವ್ವನ ಬುಗುಡಿ ಅದರಲ್ಲಿ ಕರಗಿ ಒಂದು ಗುಂಡಾಯಿತು. ಒಂದು ಹನಿಯೂ ಚೆಲ್ಲಲಿಲ್ಲ. ಅತ್ತೆಯ ಲೆಕ್ಕ ಮಾತ್ರ ಬಾಕಿ ಇತ್ತು.

ಲಗ್ನ ಮುಗಿಸಿ ಸಂತೆಕಲ್ಲೂರು ಮುಟ್ಟಿದೆವು. ಮನೆಗೆ ಬಂದವಳೇ ಅತ್ತೆ ಹನ್ನೊಂದೂ ಮೂಸೆಯನ್ನು ಒರಳಿಗೆ ಸುರಿದಳು.

“ಅವತ್ತ ಹೇಳಿದ್ರ ಎರಡು ಬೈಗಳ ತಿಂತಿದ್ದಿ, ಅಷ್ಟ. ಈಗ ಇಷ್ಟೂ ಕುಟ್ಟು.”

ಕುಟ್ಟಿದೆ. ಅಂಗೈಯಲ್ಲಿ ಬೊಬ್ಬೆ ಎದ್ದವು. ಪುಡಿ ಸೋಸುವ ಹೊತ್ತಿಗೆ ಅತ್ತೆ ತಾನು ಉಟ್ಟ ಸೀರೆಯ ಸೆರಗನ್ನು ಚರ್ರನೆ ಹರಿದು ನನ್ನ ಮುಂದೆ ಹಾಕಿದಳು. “ಬಳಿ ತಗದಿಟ್ಟು ಸೋಸು,” ಎಂದಳು.

ಮೊಮ್ಮಗಳನ್ನು ಕೇಳಿದೆ: “ನಿನ್ನ ಪುಡಿ ಯಾವುದ್ರಾಗ ಸೋಸ್ತೀ ಬೇ?”

“ಅಜ್ಜಿ, ಅದು ಸೋಸಿದ್ದ ಡಬ್ಬ್ಯಾಗ ಬರತೈತಿ,” ಎಂದು ಬಿದ್ದು ಬಿದ್ದು ನಕ್ಕಳು.

ನಗಲಿ. ಡಾಕ್ಟರು ಕೂಡಿಸುವ ಮೊದಲು ನಾನು ಆ ಹಲ್ಲನ್ನು ಒಂದು ಲೋಟ ನೀರಿನಲ್ಲಿ ಹಾಕಿ, ಕಿವಿ ಹಚ್ಚಿ ಕುಳಿತಿದ್ದೆ. ಮಧ್ಯಾಹ್ನದ ತನಕ ಕುಳಿತೆ. ಟಿಕ್ಕೆನ್ನಲಿಲ್ಲ.