ದೇವರನ್ನು ಬಿಟ್ಟು ಉಳಿದ ಆಸಾಮಿಗಳು

ಎಮರ್ಜೆನ್ಸಿಯ ಕಾಲ. ಅಜ್ಜಂಪುರದ ಹತ್ತಿರದ ನಮ್ಮೂರಿನ ಗೋಮಾಳವನ್ನು ಒಂದು ಕಂಪನಿ ಗಣಿಗೆಂದು ಗುತ್ತಿಗೆ ಹಿಡಿದು ಬೇಲಿ ಹಾಕಿತು. ದನ ಮೇಯಿಸಲು ಊರಿಗೆ ಬೇರೆ ಜಾಗವಿರಲಿಲ್ಲ. ನಮ್ಮ ಮಾವನವರು ತರೀಕೆರೆಯ ವಕೀಲರನ್ನು ಕೇಳಿದರೆ, ಕಾನೂನಿನ ಕಣ್ಣಿಗೆ ಕಂಪನಿಯೂ ಒಬ್ಬ ಮನುಷ್ಯನಿದ್ದಂತೆ, ಅದಕ್ಕೂ ಹಕ್ಕಿದೆ ಎಂದು ಹೇಳಿ ಕಳಿಸಿದರಂತೆ.

ಮಾವ ಬಸ್ಸಿಳಿದು ಬಂದವರೇ ಜಗಲಿಯಲ್ಲಿ ಕೂಗಾಡಿದರು. "ಎಲ್ಲವ್ನೆ ಆ ಆಸಾಮಿ? ಒಂದಿನಾನಾದ್ರೂ ಕಂಡಿದೀವಾ? ಉಸ್ರಿಲ್ಲ, ಸಾಯಲ್ಲ, ಜೈಲಿಗೆ ಹಾಕಕ್ಕಾಗಲ್ಲ! ಡೆಲ್ಲೀಲಿ ಸಂವಿಧಾನ ತಿದ್ತಾವ್ರಂತಲ್ಲ, ಇದ್ನೂ ತಿದ್ಲಿ. ಅರ್ಜಿ ಬರಿಯವ್ವ."

ನಾನು ಊರಿನ ಸರ್ಕಾರಿ ಶಾಲೆಯ ಟೀಚರ್. ಸರ್ಕಾರಕ್ಕೆ ಬುದ್ಧಿ ಹೇಳಿ ಬರೆದು ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ. ಆದರೆ ನನ್ನ ಅಕ್ಷರ ಮುತ್ತಿನ ಹಾಗಿದೆ ಎಂದರು ನೋಡಿ, ಹೊಗಳಿಕೆಗೆ ಉಬ್ಬುವ ಜನ್ಮ, ಕೂತು ಬರೆದೆ: ಹುಟ್ಟುಸಾವಿಲ್ಲದವರನ್ನು ಮನುಷ್ಯರೆಂದು ಎಣಿಸಬಾರದು ಎಂದು ಸಂವಿಧಾನದಲ್ಲಿ ಸೇರಿಸಬೇಕು.

"ತಡಿ ತಡಿ," ಎಂದರು ಮಾವ. "ಅಮೃತಾಪುರದ ದೇವ್ರಿಗೂ ಹುಟ್ಟುಸಾವಿಲ್ಲ. ಅವ್ನ ಹೆಸ್ರಲ್ಲಿರೋ ಜಮೀನು ಹೋದಾತು. ದೇವ್ರನ್ನ ಬಿಟ್ಟು ಅಂತ ಸೇರ್ಸು."

ಸೇರಿಸಿದೆ. ಊರಿನವರು ಹೆಬ್ಬೆಟ್ಟು ಒತ್ತಿದರು. ಅರ್ಜಿ ಟಪಾಲಿಗೆ ಬಿದ್ದ ಮೇಲೆ ನನಗೆ ಅನ್ನ ಸೇರಲಿಲ್ಲ. ಎಲ್ಲಿ ಜೀಪು ಬಂತೋ ಎಂದು ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಲೇ ಕಿಟಕಿ ನೋಡುತ್ತಿದ್ದೆ.

ಎರಡು ತಿಂಗಳಾದ ಮೇಲೆ ಸ್ಕೂಲ್ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದರು. ಕೈಯಲ್ಲಿ ಅದೇ ಅರ್ಜಿ. ವಿಚಾರಣೆಗೆಂದು ಡೆಲ್ಲಿಯಿಂದ ಇಳಿಯುತ್ತಾ ಇಳಿಯುತ್ತಾ, ಹೆಬ್ಬೆಟ್ಟಿನ ಊರಲ್ಲಿ ಇಷ್ಟು ಚೆಂದ ಬರೆಯುವವರು ಶಾಲೆಯವರೇ ಇರಬೇಕೆಂದು ಅವರ ಕೈ ಸೇರಿತ್ತು. ಅದನ್ನು ನನ್ನ ಹಾಜರಿ ಪುಸ್ತಕದ ಪಕ್ಕ ಇಟ್ಟರು. ನನ್ನ 'ಳ'ದ ಬಾಲ ಎರಡರಲ್ಲೂ ಒಂದೇ ಥರ ಸುತ್ತಿಕೊಂಡಿತ್ತು. ಮಾವ ಬಾಗಿಲಲ್ಲೇ ನಿಂತಿದ್ದರು.

"ಇದು ನಿಮ್ಮ ಅಕ್ಷರಾನಾ?"

"ಅಲ್ಲ ಸಾರ್."

ಇನ್ಸ್‌ಪೆಕ್ಟರು ನನ್ನ ಮುಖ ನೋಡಿದರು. ಅವರಿಗೂ ನಿವೃತ್ತಿ ಹತ್ತಿರವಿತ್ತು, ರಗಳೆ ಬೇಡವಾಗಿತ್ತು. ಪೆನ್ನು ತೆಗೆದು, ಬರೆಯುತ್ತಲೇ ಓದಿದರು: "ಬರೆದವರು ಯಾರೂ ಇಲ್ಲ. ಹೆಬ್ಬೆಟ್ಟು ಒತ್ತಿದವರಿಗೆ ಓದು ಬರುವುದಿಲ್ಲ. ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ."

ಬೇಲಿ ಹಾಗೇ ಉಳಿಯಿತು. ಇದ್ದ ಒಂದೇ ಅರ್ಜಿಯನ್ನು ನಾನೇ ಮುಗಿಸಿದ್ದೆ, ಅದೂ ಎರಡೇ ಮಾತಲ್ಲಿ. ಜೀಪು ಹೋದ ಮೇಲೂ ಮಾವನ ಮುಖ ನೋಡಲಾಗದೆ ಹಾಜರಿ ಪುಸ್ತಕ ಹಿಡಿದು ನಿಂತೇ ಇದ್ದೆ.

"ಕೆಲ್ಸ ಉಳೀತಲ್ಲ, ಬಿಡವ್ವ," ಎಂದು ಹೇಳಿ ಅವರು ದನ ಬಿಚ್ಚಲು ಹೋದರು. ಎರಡು ಮಾತು ಬೈದಿದ್ದರೆ ಅತ್ತಾದರೂ ಹಗುರಾಗುತ್ತಿದ್ದೆ. ಅವರು ಬದುಕಿರುವವರೆಗೂ ಬೈಯಲಿಲ್ಲ.